ಅಳಿಯನ ಮೊದಲ ಜ್ಯಾಂಡರ್

ಸಟನ್ ಕೋಲ್ಡ್‌ಫೀಲ್ಡ್: ಫ್ರಿಜ್ಜಿನೊಳಗೆ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಹರಿಹರದಲ್ಲಿ ಜನ ಕೇಳುವುದು ಅರಮನೆ ನೋಡಿದಿರಾ, ಲಂಡನ್ ಸೇತುವೆ ನೋಡಿದಿರಾ ಎಂದು. ಎರಡನ್ನೂ ನೋಡಲಿಲ್ಲ. ಎಂಟು ವಾರ ನಾನು ನೋಡಿದ್ದು ಚಹಾ ಬಣ್ಣದ ಒಂದು ಕಾಲುವೆಯನ್ನು, ಅದರ ಮೇಲೆ ತೇಲುವ ಗಾಳದ ಬೆಂಡನ್ನು. ಆ ಬೆಂಡಿನ ಮುಂದೆ ಕೂತು ಒಂದು ತಪ್ಪು ಮಾಡಿದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಹೋದ ಮಾರನೆಯ ಬೆಳಿಗ್ಗೆ ದೋಸೆ ಹಿಟ್ಟು ತೆಗೆಯೋಣವೆಂದು ಫ್ರಿಜ್ಜು ತೆರೆದೆ. ಹಿಟ್ಟಿನ ಡಬ್ಬಿಯ ಪಕ್ಕ ಅಂಥದ್ದೇ ಇನ್ನೊಂದು ಡಬ್ಬಿ. ಮುಚ್ಚಳ ಬಿಚ್ಚಿದರೆ ಒಳಗೆ ಮುಷ್ಟಿಗಟ್ಟಲೆ ಬಿಳಿ ಹುಳ, ಗಿಜಿಗಿಜಿ ಎನ್ನುತ್ತಿವೆ. ನಾನು ಕೂಗಿದ ಕೂಗಿಗೆ ಮಗಳು ಸುಮಾ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದಳು.

“ಅಪ್ಪಾ, ಮುಚ್ಚು ಅದನ್ನ. ನಮ್ಮನೆಯವರು ಗಾಳಕ್ಕೆ ಹಾಕೋ ಹುಳ. ಬೆಚ್ಚಗಾದ್ರೆ ನೊಣ ಆಗ್ತಾವೆ.”

“ಹಿಟ್ಟಿನ ಪಕ್ಕ ಇಡೋದೇನೇ?”

“ಕೆಳಗಿನ ಖಾನೆ ತರಕಾರಿಗೆ ಅಂದ್ರು. ತರಕಾರಿ ಜೊತೆ ಹುಳ ಇಡಬಾರದಂತೆ.”

ನನ್ನ ಅಳಿಯ ರಘು ಮೈಸೂರಿನವರು. ಸಸ್ಯಾಹಾರಿಗಳ ಮನೆತನ, ಅರಿವಳಿಕೆ ಕೊಡುವ ಡಾಕ್ಟರು. ಅವರ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ನಾವು ಗಂಗಾಮತದವರು, ತುಂಗಭದ್ರೆಯಲ್ಲಿ ಬಲೆ ಬೀಸಿದ ವಂಶ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಆದೆ, ಆದರೂ ಭಾನುವಾರ ಗಾಳ ಬಿಡಲಿಲ್ಲ. ಮಗಳು ಆ ಮನೆ ಸೇರಿದಾಗ ಅವಳು ಮೀನು ಬಿಟ್ಟಳಲ್ಲ ಎಂದು ಒಳಗೊಳಗೇ ಮರುಗಿದ್ದೆ. ಈಗ ನೋಡಿದರೆ ಅಳಿಯ ಎರಡು ವರ್ಷದಿಂದ ವಾರ ವಾರ ಮೀನು ಹಿಡಿಯುತ್ತಿದ್ದಾರೆ! ಸಂತೋಷದಿಂದ ಕೇಳಿದೆ, “ಹಿಡಿದದ್ದನ್ನ ಎಲ್ಲಿ ಮಾಡ್ತೀರಿ ಡಾಕ್ಟ್ರೇ, ಹಿತ್ತಲಲ್ಲೇ?”

“ಮಾಡೋದಾ? ವಾಪಸ್ ಬಿಡ್ತೀವಿ ಮಾವ.”

“ಸಣ್ಣವನ್ನೋ?”

“ಎಲ್ಲವನ್ನೂ.”

ಆ ಹೊತ್ತಿನಿಂದ ಊರಿಗೆ ಮರಳುವವರೆಗೆ ನನ್ನ ತಲೆ ಬಿಸಿ ಆರಲಿಲ್ಲ.

ಕಾಲುವೆ, ಮೊದಲ ಭಾನುವಾರ

ಗಾಳ ಹಾಕುವುದಕ್ಕೆ ಪರವಾನಗಿ ಬೇಕಂತೆ. ನನಗೆ ನೆನಪಿರುವ ಮಟ್ಟಿಗೆ ನಮ್ಮಪ್ಪ ನದಿಯನ್ನು ಕೇಳಿ ಬಲೆ ಬೀಸಿದವನಲ್ಲ. ರಘು ಫೋನಿನಲ್ಲೇ ನನ್ನ ಹೆಸರಿಗೆ ಒಂದು ಪರವಾನಗಿ ಮಾಡಿಸಿದರು. ಹುಟ್ಟಿದ ತಾರೀಖು ಕೇಳಿತು, ಪೋಸ್ಟ್‌ಕೋಡ್ ಕೇಳಿತು. ಮೀನಿಗೆ ಇದೆಲ್ಲ ಯಾಕೆ ಬೇಕೋ.

ಬರ್ಮಿಂಗ್‌ಹ್ಯಾಮಿನ ಹೊರಗೆ, ಹಳೆಯ ಕಾರ್ಖಾನೆಗಳ ಬೆನ್ನಿಗೆ ಆ ಕಾಲುವೆ. ಅಗಲ ನಮ್ಮ ಭದ್ರಾ ನಾಲೆಯಷ್ಟೇ, ಹರಿವು ಮಾತ್ರ ಇಲ್ಲ. ದಡದಲ್ಲಿ ಹದಿನೈದಿಪ್ಪತ್ತು ಜನ, ಒಬ್ಬೊಬ್ಬರಿಗೂ ನಂಬರು ಹಾಕಿದ ಜಾಗ. ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಇದ್ದ ಹಾಗೆ. ನಂಬರು ಬಿಟ್ಟು ಒಂದು ಮಾರು ಆಚೆ ಕೂರುವಂತಿಲ್ಲ. ಜೋರಾಗಿ ಮಾತಾಡುವಂತಿಲ್ಲ. ಉದ್ದನೆಯ ದೋಣಿ ಬಂದರೆ ಎಲ್ಲರೂ ಗಾಳದ ಕೋಲು ಎತ್ತಿ ಹಿಡಿಯಬೇಕು, ದೋಣಿಯವನು “ಸಾರಿ” ಅನ್ನುತ್ತಾನೆ, ಇವರೂ “ಸಾರಿ” ಅನ್ನುತ್ತಾರೆ. ಇಬ್ಬರಲ್ಲಿ ತಪ್ಪು ಯಾರದೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಹಿಡಿದ ಮೀನನ್ನು ಒಣಗೈಯಲ್ಲಿ ಮುಟ್ಟಬಾರದು, ಕೈ ಒದ್ದೆ ಮಾಡಿಕೊಳ್ಳಬೇಕು. ನೆಲದ ಮೇಲೆ ಇಡಬಾರದು, ಅದಕ್ಕೊಂದು ಹಾಸಿಗೆ ಇದೆ. ಕೊಕ್ಕೆ ಚುಚ್ಚಿದ ಗಾಯಕ್ಕೆ ಪುಟ್ಟ ಶೀಶೆಯಿಂದ ಔಷಧಿ ಹಚ್ಚಬೇಕು. ನನ್ನ ಮೊಣಕೈ ನೋವಿಗೆ ಅಳಿಯ ಡಾಕ್ಟರು, ಮಗಳು ಡಾಕ್ಟರು, ಇಬ್ಬರೂ “ಇಲ್ಲಿ ಜಿಪಿ ಡಾಕ್ಟರು ಸಿಗೋದು ಕಷ್ಟ, ಪ್ಯಾರಾಸಿಟಮಾಲ್ ತಗೊಳ್ಳಿ” ಎಂದಿದ್ದರು. ಮೀನಿಗೆ ನಿಂತ ಜಾಗದಲ್ಲೇ ಚಿಕಿತ್ಸೆ.

ಇವೆಲ್ಲದರ ಮೇಲೆ ಆ ಜನರ ಸ್ನೇಹ ಬೇರೆ. ಹೋಗುವವರು ಬರುವವರು ನಿಂತು “ಎನಿ ಲಕ್?” ಎಂದು ಕೇಳುತ್ತಾರೆ. ಏನೂ ಬಿದ್ದಿಲ್ಲ ಎಂದರೆ ಮುಖ ಅರಳುತ್ತದೆ. ಅವರಿಗೂ ಏನೂ ಬಿದ್ದಿರುವುದಿಲ್ಲ. ಏನೂ ಹಿಡಿಯದೆ ಮನೆಗೆ ಹೋಗುವುದಕ್ಕೆ ‘ಬ್ಲ್ಯಾಂಕ್’ ಎಂದು ಹೆಸರಿಟ್ಟುಕೊಂಡಿದ್ದಾರೆ. “ಬ್ಲ್ಯಾಂಕ್ ಆಯ್ತು” ಎನ್ನುವಾಗ ಅವರ ದನಿಯಲ್ಲಿ ನಾವು ಮದುವೆ ಊಟ ಮುಗಿಸಿ ಬಂದಾಗಿನ ತೃಪ್ತಿ. ಒಬ್ಬ ತನ್ನ ಫ್ಲಾಸ್ಕಿನ ಚಹಾ ನನಗೆ ಬಗ್ಗಿಸಿ ಕೊಟ್ಟ. ಇನ್ನೊಬ್ಬ ತನ್ನ ಟೋಪಿಯನ್ನೇ ತೆಗೆದು ನನ್ನ ತಲೆಗಿಟ್ಟ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನಮ್ಮಲ್ಲಿ ಟೋಪಿ ಕೊಡುವವನು ಮೊದಲು ಯಾರ ಪೈಕಿ ಎಂದಾದರೂ ಕೇಳುತ್ತಾನೆ.

ಕ್ಲಬ್ಬಿನ ಸೆಕ್ರೆಟರಿ ಮೊರೀನ್ ಎಂಬಾಕೆ, ನನ್ನದೇ ವಯಸ್ಸು, ಬಸ್ ಓಡಿಸಿ ನಿವೃತ್ತಿಯಾದವಳು. ನನ್ನನ್ನು ಕಂಡವಳೇ “ಆಲ್‌ರೈಟ್, ಬ್ಯಾಬ್?” ಎಂದಳು.

“ಬ್ಯಾಬ್ ಅಂದ್ರೇನು ಡಾಕ್ಟ್ರೇ?”

ರಘು ನಕ್ಕರು. “ಪುಟ್ಟಾ ಅಂದ ಹಾಗೆ ಮಾವ. ಇಲ್ಲಿ ಎಲ್ಲರಿಗೂ ಅಂತಾರೆ.”

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪುಟ್ಟ ಆದೆ.

ದಡದ ತಗಡಿನ ಶೆಡ್ಡಿನೊಳಗೆ ಒಂದು ಕರಿಹಲಗೆ ಇತ್ತು, ಮೇಲೆ ಸೀಮೆಸುಣ್ಣದಲ್ಲಿ ಒಂದಷ್ಟು ಹೆಸರುಗಳು. ಅದು ಜ್ಯಾಂಡರ್ ಹಲಗೆ. ಜ್ಯಾಂಡರ್ ಎಂಬುದು ಈ ಕಾಲುವೆಯಲ್ಲಿರುವ ಒಂದು ಬೇಟೆಯ ಮೀನು. ಕೋರೆಹಲ್ಲು, ಗಾಜುಗಣ್ಣು, ಬೆನ್ನ ಮೇಲೆ ಮುಳ್ಳಿನ ರೆಕ್ಕೆ. ಕ್ಲಬ್ಬಿನವರು ತಮ್ಮ ಜೀವನದ ಮೊದಲ ಜ್ಯಾಂಡರ್ ಹಿಡಿದ ದಿನ ಹೆಸರು ಹಲಗೆಗೆ ಏರುತ್ತದೆ. ರಘು ಎರಡು ವರ್ಷದಿಂದ ಕೂತಿದ್ದರೂ ಅವರ ಹೆಸರು ಅಲ್ಲಿರಲಿಲ್ಲ. “ಅವಸರ ಏನಿಲ್ಲ ಡಾಕ್, ಮೀನಿಗೆ ನಿನ್ನ ವಿಳಾಸ ಗೊತ್ತು” ಎಂದು ಮೊರೀನ್ ಪ್ರತಿ ವಾರ ಹೇಳುತ್ತಾಳಂತೆ. ರಘು ನಗುತ್ತಾರೆ. ಆದರೆ ಶೆಡ್ಡಿನಿಂದ ಹೊರಬರುವಾಗ ಒಂದು ಸಲ ಹಲಗೆಯ ಕಡೆ ನೋಡುತ್ತಾರೆ. ಅದನ್ನು ನಾನು ಕಂಡೆ. ಕಾಣಬಾರದಿತ್ತು.

ಕಾಲುವೆ, ಮೂರನೆಯ ಭಾನುವಾರ

ಎರಡನೆಯ ಭಾನುವಾರ ಬ್ಲ್ಯಾಂಕ್. ಆವತ್ತು ನಾಲ್ಕು ಗಂಟೆ ಜಡಿಮಳೆಯಲ್ಲಿ ಕೂತು ನಾನು ಬೈದುಕೊಂಡದ್ದನ್ನು ಬರೆಯುವುದಿಲ್ಲ.

ಮೂರನೆಯ ಭಾನುವಾರ ಮಧ್ಯಾಹ್ನ ಮೋಡ ಕವಿದಿತ್ತು. ನಾನೂ ರಘುವೂ ಒಂದೇ ಜಾಗದಲ್ಲಿ ಪಕ್ಕಪಕ್ಕ ಕೂತಿದ್ದೆವು. ಇಬ್ಬರ ಕೊಕ್ಕೆಗೂ ಸತ್ತ ಪುಟ್ಟ ಮೀನೊಂದನ್ನು ಎರೆಯಾಗಿ ಸಿಕ್ಕಿಸಿದ್ದೆವು. ಬಲಕ್ಕೆ ಮುಳ್ಳಿನ ಪೊದೆ, ಎಡಕ್ಕೆ ಸೇತುವೆ, ಪಕ್ಕದ ಜಾಗದವರು ನಮಗೆ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ರಘುಗೆ ಆಸ್ಪತ್ರೆಯಿಂದ ಫೋನು ಬಂತು. ರೋಟಾದ್ದು, ಅಂದರೆ ಡ್ಯೂಟಿ ಪಾಳಿಯದು, ಏನೋ ತಕರಾರು. ಗಾಳವನ್ನು ನೀರಲ್ಲಿ ಬಿಟ್ಟು ಹೋಗುವುದು ನಿಯಮಕ್ಕೆ ವಿರುದ್ಧ, ಹಾಗಾಗಿ ದಾರ ಪೂರ್ತಿ ಸುತ್ತಿ, ಕೋಲನ್ನು ಕವೆಗೋಲಿನ ಮೇಲಿಟ್ಟು, “ಐದೇ ನಿಮಿಷ ಮಾವ” ಎಂದು ಸಿಗ್ನಲ್ ಹುಡುಕುತ್ತ ಸೇತುವೆಯ ಆಚೆಗೆ ಹೋದರು.

ಅವರ ಬೆನ್ನು ಮರೆಯಾಯಿತು, ನನ್ನ ಬೆಂಡು ಮುಳುಗಿತು.

ಎಳೆದ ಎಳೆತಕ್ಕೇ ತಿಳಿಯಿತು, ಹಲಗೆಯ ಮೀನು ಇದೇ ಎಂದು. ನಮ್ಮ ಬಾಳೆಮೀನಿನ ಹಾಗೆ ತಲೆ ಕೊಡವುತ್ತ ಬಂತು. ಎರಡು ಕಿಲೋ ಇತ್ತೇನೋ. ಬಲೆಚೀಲಕ್ಕೆ ಹಾಕಿ, ಒದ್ದೆ ಕೈಯಲ್ಲಿ ಹಿಡಿದು, ಹಾಸಿಗೆಯ ಮೇಲಿಟ್ಟು ನೋಡಿದೆ. ಗಾಜುಗಣ್ಣು ನನ್ನನ್ನೇ ನೋಡಿತು. ಆಗ ನಾನು ಕೂಗಬೇಕಿತ್ತು. ಮೂರು ವಾರ ಕೂತ ನನಗೆ ಬಿತ್ತು, ಎರಡು ವರ್ಷ ಕೂತವರಿಗೆ ಇಲ್ಲ. ರಘು ಬಂದು ನೋಡುತ್ತಾರೆ, “ವಾ ಮಾವ” ಎಂದು ನಗುತ್ತಾರೆ, ಆ ನಗುವಿನ ಹಿಂದೆ ಏನಿರುತ್ತದೆ ಎಂದು ನೆನೆದೇ ನನಗೆ ತಡೆಯಲಾಗಲಿಲ್ಲ.

ನನ್ನ ಕೊಕ್ಕೆ ಬಿಡಿಸಿದೆ. ರಘು ಅವರ ಕೊಕ್ಕೆಯನ್ನು ಅದೇ ತೂತಿಗೆ ಸಿಕ್ಕಿಸಿದೆ. ಮೀನನ್ನು ಮೆಲ್ಲನೆ ನೀರಿಗಿಳಿಸಿ, ಅವರ ಕೋಲನ್ನು ಕವೆಗೋಲಿನ ಮೇಲಿಟ್ಟು, ಏನೂ ಅರಿಯದವನಂತೆ ನನ್ನ ಜಾಗದಲ್ಲಿ ಕೂತೆ. ಇಷ್ಟೆಲ್ಲ ಮಾಡಲು ನನಗೆ ಒಂದು ನಿಮಿಷ ಹಿಡಿಯಲಿಲ್ಲ.

ರಘು ಬಂದವರೇ ನಿಂತರು. “ನನ್ನ ಗಾಳ ಯಾಕೆ ನೀರಲ್ಲಿದೆ ಮಾವ?”

“ನೀವು ಬರೋದು ಕಾಣಿಸ್ತು, ಈಗ ತಾನೇ ಹಾಕ್ದೆ ಡಾಕ್ಟ್ರೇ.”

“ಹಾಗೆಲ್ಲ ಹಾಕಬಾರದು, ಮೊರೀನ್ ನೋಡಿದ್ರೆ...”

“ಬೆಂಡು ನೋಡ್ರೀ! ಬೆಂಡು!” ಎಂದೆ.

ರಘು ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೋಲು ಹಿಡಿದು ಎದ್ದರು, ಮಡಚುವ ಕುರ್ಚಿ ಮಗುಚಿ ಬಿತ್ತು, ಹುಳದ ಡಬ್ಬಿ ಚೆಲ್ಲಿತು. “ಮಾವ, ಬಲೆ! ಬಲೆ!” ಪೊದೆಯಾಚೆಯಿಂದ ಟೋಪಿ ಕೊಟ್ಟವನು ಬಂದ, ಚಹಾ ಕೊಟ್ಟವನು ಬಂದ, ಮೊರೀನ್ ಬಸ್ಸು ಹಿಡಿಯುವವಳಂತೆ ಓಡಿ ಬಂದಳು. ಮೀನು ಮೇಲೆ ಬಂದಾಗ ಅವರೆಲ್ಲ ಚಪ್ಪಾಳೆ ತಟ್ಟಿದರು. ರಘು ನನ್ನನ್ನು ತಬ್ಬಿಕೊಂಡರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಅಳಿಯ ಮಾವನನ್ನು ತಬ್ಬಿದ್ದು ಅದೇ ಮೊದಲು. ನಾನು ಬೀಗಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಫೋಟೋ ತೆಗೆದರು. ರಘು ಬಗ್ಗಿ ಮೀನನ್ನು ನೀರಿಗೆ ಬಿಡಲು ಹೊರಟಾಗ ಮೊರೀನ್ ಅವರ ಭುಜದ ಮೇಲೆ ಕೈಯಿಟ್ಟಳು.

“ಡಾಕ್, ಇದು ವಾಪಸ್ ಹೋಗೋ ಹಾಗಿಲ್ಲ. ಗೊತ್ತಲ್ವಾ?”

ನನಗೆ ಗೊತ್ತಿರಲಿಲ್ಲ. ಜ್ಯಾಂಡರ್ ಆ ದೇಶದ ಮೀನಲ್ಲವಂತೆ. ಹಿಂದೆಂದೋ ಹೊರಗಿನಿಂದ ತಂದು ಬಿಟ್ಟದ್ದು, ಈಗ ಊರಿನ ಮೀನುಗಳನ್ನೆಲ್ಲ ತಿನ್ನುತ್ತದೆ. ಹಿಡಿದರೆ ಮರಳಿ ಆ ನೀರಿಗೆ ಬಿಡಕೂಡದು. ಎಲ್ಲ ಮೀನಿಗೂ ಮುಲಾಮು ಹಚ್ಚುವ ಜನ ಈ ಒಂದನ್ನು ಮಾತ್ರ ಕೊಲ್ಲುತ್ತಾರೆ. ಮೊರೀನ್ ಜೇಬಿನಿಂದ ಗೇಣುದ್ದದ ಮರದ ದೊಣ್ಣೆಯೊಂದನ್ನು ತೆಗೆದಳು. ಅದರ ಹೆಸರು ‘ಪ್ರೀಸ್ಟ್’. ಅಂದರೆ ಪಾದ್ರಿ, ನಮ್ಮ ಲೆಕ್ಕಕ್ಕೆ ಪೂಜಾರಿ. ಕೊನೆಗಾಲದ ಪ್ರಾರ್ಥನೆ ಹೇಳುವವನು ಅವನಲ್ಲವೇ, ಅದಕ್ಕೇ ಆ ಹೆಸರಂತೆ.

“ನಾನು ಮಾಡ್ಲಾ?” ಎಂದಳು.

ಹಿಡಿದವರೇ ಮಾಡಬೇಕೆಂಬುದು ಅವರ ಕ್ಲಬ್ಬಿನ ರೂಢಿ. ಆದರೂ ಅವಳು ಕೇಳಿದಳು. ರಘು ಮೀನನ್ನು ನೋಡಿದರು. ಮುಖದಲ್ಲಿದ್ದ ನಗು ಮೆಲ್ಲಮೆಲ್ಲನೆ ಇಳಿಯಿತು.

“ಇಲ್ಲ. ನಾನು ಹಿಡಿದದ್ದು. ನಾನೇ ಮಾಡ್ತೀನಿ.”

ನಾನು ಆಗಲೂ ಬಾಯಿ ಬಿಡಬಹುದಿತ್ತು. “ಕೊಡಿ ಇಲ್ಲಿ, ಅದು ನನ್ನ ಮೀನು” ಎಂಬ ಒಂದು ಮಾತು. ನಾನು ಚಿಕ್ಕಂದಿನಿಂದ ಸಾವಿರ ಮೀನು ಕೊಂದವನು, ನನಗದು ಬದನೆಕಾಯಿ ಹೆಚ್ಚಿದ ಹಾಗೆ. ಆದರೆ ಸುತ್ತ ಅಷ್ಟು ಜನ, ಅಷ್ಟು ಸಂತೋಷ. ನಾನು ನೆಲ ನೋಡಿದೆ. ಮೊದಲನೆಯ ಏಟು ಸರಿಯಾಗಿ ಬೀಳಲಿಲ್ಲ. ಮೊರೀನ್ ಮೆಲ್ಲನೆ, “ಕಣ್ಣಿನ ಹಿಂದೆ, ಡಾಕ್. ಗಟ್ಟಿಯಾಗಿ” ಎಂದಳು. ಎರಡನೆಯದಕ್ಕೆ ಮುಗಿಯಿತು.

ಮನೆಯಲ್ಲಿ ರಘು, “ಹಾಳಾಗಬಾರದು, ನೀವಿಬ್ಬರೂ ತಿನ್ನಿ” ಎಂದರು. ಸುಮಾ ಕೋಟು ತೊಟ್ಟು ಹಿತ್ತಲಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ, ಹುಣಸೆಹುಳಿ ಹಾಕಿ ಸಾರು ಮಾಡಿದಳು. ಎಷ್ಟು ವರ್ಷವಾಗಿತ್ತೋ, ಬೆರಳು ನೆಕ್ಕಿಕೊಂಡು ಉಂಡಳು. “ಏನಪ್ಪಾ, ನೀನು ತಿಂತಾನೇ ಇಲ್ಲ?” ಅಡುಗೆಮನೆಯ ಕಿಟಕಿಯಲ್ಲಿ ರಘು ಕೈ ತೊಳೆಯುತ್ತಿದ್ದರು. ನಾನು ಎರಡು ತುತ್ತು ತಿಂದು ಮುಳ್ಳು ಸಿಕ್ಕಿತೆಂದು ಎದ್ದೆ. ಆಗಲೂ ರಘು ಕೈ ತೊಳೆಯುತ್ತಲೇ ಇದ್ದರು.

ಶೆಫೀಲ್ಡ್: ಇಮ್ತಿಯಾಜರ ಮನೆ

ಆ ಶನಿವಾರ ಸುಮಾಗೆ ಡ್ಯೂಟಿ. ರಘು ನನ್ನನ್ನು ಕಾರಿನಲ್ಲಿ ಶೆಫೀಲ್ಡಿಗೆ ಕರೆದೊಯ್ದರು, ತಮ್ಮ ಸ್ನೇಹಿತ ಡಾಕ್ಟರ್ ಇಮ್ತಿಯಾಜರ ಮನೆಗೆ. ಹುಬ್ಬಳ್ಳಿಯವರು, ಬಾಯಿತುಂಬ ಮಾತು. ಶೆಫೀಲ್ಡ್ ಬರೀ ಏರುತಗ್ಗು. ಊರು ನೋಡಲೆಂದು ಹತ್ತಿದ ಟ್ರಾಮು ದಿಬ್ಬ ಏರುವಾಗ ನಾನು ಹಿಂದಿನ ಸೀಟಿನವರ ಮಡಿಲಿಗೆ ಹೋಗಿ ಬಿದ್ದೆ. ಸಾರಿ ಎಂದದ್ದು ಅವರು. ಈ ಜನಕ್ಕೆ ಯಾವಾಗ ಸಿಟ್ಟು ಬರುತ್ತದೋ ತಿಳಿಯದು.

ಊಟಕ್ಕೆ ಕೂತಾಗ ರಘು ಫೋಟೋ ತೋರಿಸಿದರು. ಕತೆ ಶುರುವಾಯಿತು. ಬೆಂಡು ಮೊದಲು ಒಂದು ಸಲ ಅಲುಗಿತಂತೆ, ಆಮೇಲೆ ಪಕ್ಕಕ್ಕೆ ಸರಿಯಿತಂತೆ, ಕೋಲಿನ ತುದಿಯಲ್ಲಿ ಯಾರೋ ಬಾಗಿಲು ಬಡಿದ ಹಾಗಾಯಿತಂತೆ. “ಅಲ್ವಾ ಮಾವ?” ನಾನು ಹೂಂ ಎಂದೆ. “ಸಾಮಾನ್ಯವಾಗಿ ತುಂಬಾ ಗುದ್ದಾಡುತ್ತೆ, ಇದು ಶಾಂತವಾಗಿ ಬಂತು. ತಾನೇ ಬಂದ ಹಾಗೆ. ಅಲ್ವಾ ಮಾವ?” ಮತ್ತೆ ಹೂಂ. ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದೆ.

“ಹಿಂದಕ್ಕ ಬಿಡಾಕ ಯಾಕ ಬರಂಗಿಲ್ರೀ?” ಇಮ್ತಿಯಾಜ್ ಕೇಳಿದರು. ರಘು ಹೇಳಿದರು, ಹೊರಗಿನ ಮೀನು, ಅದಕ್ಕೆ ಅನುಮತಿಯಿಲ್ಲ ಎಂದು.

“ಅಂದ್ರ ಅದಕ್ಕ ವೀಸಾ ಇಲ್ಲನ್ರಿ. ನೀವೊಬ್ರು ವೀಸಾದವ್ರು ಹೋಗಿ ವೀಸಾ ಇಲ್ಲದಾಂವನ್ನ ಹಿಡಿದ್ರಿ!” ಎಂದು ತೊಡೆ ತಟ್ಟಿಕೊಂಡು ನಕ್ಕರು.

ಅವರ ಹೆಂಡತಿ ನಸ್ರೀನ್ ಮಾತ್ರ ನಗಲಿಲ್ಲ. “ನೀವ ಕೊಂದ್ರೇನು ಅಣ್ಣಾ? ನಮ್ಮನ್ಯಾಗ ಜೇಡ ಬಂದ್ರ ಕಪ್ಪಿನ್ಯಾಗ ಮುಚ್ಚಿ ಹೊರಗ ಬಿಡಾವ್ರು ನೀವು.”

ರಘು ಚಮಚ ಕೆಳಗಿಟ್ಟರು. “ಹಿಡಿದೋನೇ ಮಾಡ್ಬೇಕು ನಸ್ರೀನ್. ಖುಷಿ ನಂದು, ಕೊಲ್ಲೋದು ಇನ್ನೊಬ್ಬರದು ಅಂದ್ರೆ ಹೇಗೆ? ಅಮ್ಮನಿಗೂ ಫೋನ್ ಮಾಡಿ ಹೇಳ್ದೆ, ಮುಚ್ಚಿಡೋದು ಬೇಡ ಅಂತ.”

“ಏನಂದ್ರು?”

“ಆವತ್ತಿನಿಂದ ನನ್ನ ಫೋನ್ ಎತ್ತುತ್ತಿಲ್ಲ.”

ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಹೆದ್ದಾರಿ ಪಕ್ಕದ ನಿಲುಗಡೆ

ಮರಳುವಾಗ ಚಹಾಕ್ಕೆಂದು ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿದರು. ಕಾಗದದ ಲೋಟದ ಚಹಾ, ಮುಚ್ಚಳದ ತೂತಿನಿಂದ ಹೀರಬೇಕು. ನಾಲಿಗೆ ಸುಟ್ಟಿತು. ಆ ಉರಿಯಲ್ಲೇ ಹೇಳಿಬಿಟ್ಟೆ.

“ಡಾಕ್ಟ್ರೇ, ಆ ಮೀನು ನಿಮ್ಮ ಗಾಳಕ್ಕೆ ಬಿದ್ದದ್ದಲ್ಲ.”

ಅವರು ನನ್ನ ಕಡೆ ತಿರುಗಿದರು. ನಾನು ಎದುರಿನ ಗಾಜನ್ನೇ ನೋಡುತ್ತ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದ ಮೇಲೂ ಸುಮ್ಮನಾಗಲಾರದೆ ಹಳೆಯದೊಂದನ್ನೂ ಹೇಳಿದೆ. ಪ್ರಯೋಗಾಲಯದಲ್ಲಿ ವರ್ಷವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಮಕ್ಕಳಿಗೆ ಒಂದೊಂದು ಉಪ್ಪು ಕೊಡುತ್ತಾರೆ, ಅದು ಯಾವುದೆಂದು ಅವರು ಪರೀಕ್ಷಿಸಿ ಕಂಡುಹಿಡಿಯಬೇಕು. ಪೊಟ್ಟಣ ಕಟ್ಟುವವನು ನಾನು. ಅಳುಮೋರೆಯ ಮಕ್ಕಳನ್ನು ಕಂಡರೆ ಪರೀಕ್ಷಾ ನಳಿಕೆ ಕೊಡುವ ನೆಪದಲ್ಲಿ ಕಿವಿಯಲ್ಲಿ ಹೆಸರು ಹೇಳಿಬಿಡುತ್ತಿದ್ದೆ. ಸತುವಿನ ಸಲ್ಫೇಟ್, ಅಮೋನಿಯಂ ಕ್ಲೋರೈಡ್. ಒಂದು ಪೈಸೆ ಮುಟ್ಟಿದವನಲ್ಲ. ಅವರ ಮುಖ ಬೆಳಗುತ್ತಿತ್ತಲ್ಲ, ಅದನ್ನು ನೋಡಲು. ಅದನ್ನೇ ಉಪಕಾರವೆಂದು ಮೂವತ್ತೆರಡು ವರ್ಷ ನಂಬಿದ್ದೆ. ಆ ಮಕ್ಕಳು ತಾವಾಗಿ ಕಂಡುಹಿಡಿಯಬಹುದಾಗಿದ್ದ ಒಂದು ಗಳಿಗೆಯನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ.

ರಘು ಲೋಟದ ಮುಚ್ಚಳವನ್ನು ಒತ್ತಿ ಬಿಗಿದರು. ಆಮೇಲೆ ಕೇಳಿದರು, “ಅದೇ ತೂತಿಗೇ ಸಿಕ್ಕಿಸಿದ್ರಾ?”

“ಹೌದು.”

“ಅದಕ್ಕೇ ಗುದ್ದಾಡಲಿಲ್ಲ. ನಿಮ್ಮ ಹತ್ರ ಗುದ್ದಾಡಿ ಸುಸ್ತಾಗಿತ್ತು.” ಚಹಾದ ಲೋಟವನ್ನು ತಿರುಗಿಸುತ್ತ ಕೂತರು. “ಶಾಂತ ಮೀನು ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ.”

“ತಪ್ಪಾಯ್ತು ಡಾಕ್ಟ್ರೇ.”

“ಹಲಗೆ ಹೋಗ್ಲಿ ಮಾವ. ನನ್ನ ಮೀನು ಅಂತ ಅದನ್ನ ಕೊಂದೆನಲ್ಲ.”

ಕಾರು ಶುರು ಮಾಡಿದರು. ಬೈದಿದ್ದರೆ ನಾನು ಬದುಕುತ್ತಿದ್ದೆ. ಮನೆ ಮುಟ್ಟುವವರೆಗೆ ರೇಡಿಯೋದಲ್ಲಿ ಯಾವನೋ ಹವಾಮಾನ ಹೇಳುತ್ತಲೇ ಇದ್ದ. ಅಷ್ಟು ಹೇಳುವುದಕ್ಕೆ ಅಲ್ಲಿನ ಹವಾಮಾನದಲ್ಲಿ ಏನಿದೆ?

ಮಾರನೆಯ ಬೆಳಿಗ್ಗೆ ನಾನೇ ಮೈಸೂರಿಗೆ ಫೋನು ಹಚ್ಚಿ ರಘು ಅವರ ತಾಯಿಗೆ ನಡೆದದ್ದನ್ನು ಹೇಳಿದೆ. ಹಿಡಿದವನು ನಾನು, ನಿಮ್ಮ ಮಗನದೇನೂ ತಪ್ಪಿಲ್ಲ ಎಂದೆ. ಆ ತಾಯಿ ಪೂರ್ತಿ ಕೇಳಿಸಿಕೊಂಡು, “ಇರಬಹುದು ಬೀಗರೇ. ಹೊಡೆದದ್ದು ಅವನ ಕೈ ತಾನೆ?” ಎಂದರು. ಸಂಜೆ ಮಾತ್ರ ಅವರೇ ಮಗನಿಗೆ ಫೋನು ಮಾಡಿದರಂತೆ. ಏನು ಮಾತಾಡಿದರೋ, ರಘು ಹೇಳಲಿಲ್ಲ, ನಾನು ಕೇಳಲಿಲ್ಲ.

ಕಾಲುವೆ, ನಾಲ್ಕನೆಯ ಭಾನುವಾರ

ಆ ಫೋನಿನ ದಿನವೇ ಮಧ್ಯಾಹ್ನ ರಘು ಕಾಲುವೆಗೆ ಹೊರಟರು. ನಾನೂ ಬರುತ್ತೇನೆ ಎಂದೆ. “ನೀವು ಬರೋದೇನೂ ಬೇಡ, ನಾನು ಹೇಳ್ತೀನಿ” ಎಂದರು. ಇಲ್ಲ, ನನ್ನ ಬಾಯಿಂದಲೇ ಆಗಬೇಕೆಂದು ಕಾರು ಹತ್ತಿ ಕೂತೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿದೆ. ಶೆಡ್ಡಿನೊಳಗೆ ಹತ್ತು ಜನ ಹಂದಿಮಾಂಸದ ಬೇಕನ್ ಹಾಕಿದ ಬ್ರೆಡ್ಡು ತಿನ್ನುತ್ತಿದ್ದರು. ಜೋಡಿಸಿದ್ದೆಲ್ಲ ಮರೆತುಹೋಯಿತು.

“ಮೇಡಂ,” ಎಂದೆ ಮೊರೀನಳಿಗೆ. “ದಟ್ ಫಿಶ್. ನಾಟ್ ಡಾಕ್ಟರ್ ಫಿಶ್. ಮೈ ಹುಕ್. ಐ ಪುಟ್ ಇನ್ ಹಿಸ್ ಹುಕ್. ಹಿ ಡೋಂಟ್ ನೋ. ಐ ಆ್ಯಮ್ ಚೀಟ್.”

ತಿನ್ನುವುದು ನಿಂತಿತು. ನಾನು ತಲೆ ತಗ್ಗಿಸಿ ನಿಂತೆ. ನಮ್ಮ ಕಡೆ ಆಗಿದ್ದರೆ ಇಷ್ಟು ಹೊತ್ತಿಗೆ ಒಬ್ಬ ಕೊರಳಪಟ್ಟಿ ಹಿಡಿದಿರುತ್ತಿದ್ದ, ಒಬ್ಬ ಬಿಡಿಸುತ್ತಿದ್ದ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಹಗುರವಾಗಿರುತ್ತಿತ್ತು. ಇಲ್ಲಿ ಮೊರೀನ್ ರಘು ಕಡೆ ನೋಡಿದಳು. ರಘು ಹೌದೆಂದು ತಲೆಯಾಡಿಸಿದರು.

“ರೈಟ್,” ಎಂದಳು. ಬಟ್ಟೆ ತೆಗೆದುಕೊಂಡು ಹಲಗೆಯ ಮೇಲಿನ ರಘು ಅವರ ಹೆಸರು ಒರೆಸಿದಳು. ಸೀಮೆಸುಣ್ಣ ಎತ್ತಿಕೊಂಡು ನನ್ನತ್ತ ತಿರುಗಿದಳು. “ನಿನ್ನ ಹೆಸರು ಹೇಗೆ ಬರೀಬೇಕು, ಬ್ಯಾಬ್?”

“ಯಾಕೆ?”

“ಮೀನು ನಿಂದು ತಾನೆ? ನಿನ್ನ ಮೊದಲನೇ ಜ್ಯಾಂಡರ್.”

ನಾನು ಬೇಡವೆಂದೆ. ಕೈ ಮುಗಿದೆ. ಶಿಕ್ಷೆ ಕೊಡಿ, ಪರವಾನಗಿ ಕಿತ್ತುಕೊಳ್ಳಿ, ಈ ದಡಕ್ಕೆ ಬರಬೇಡ ಎನ್ನಿ ಎಂದು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಬೇಡಿಕೊಂಡೆ. ರಘು ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಯಾರ ಅಪರಾಧವನ್ನು ಯಾರು ಅನುವಾದ ಮಾಡುವುದು!

ಮೊರೀನ್ ತಾಳ್ಮೆಯಿಂದ ಕೇಳಿ, “ಹಲಗೆ ಬಹುಮಾನ ಅಲ್ಲ, ದಾಖಲೆ. ಯಾರು ಹಿಡಿದರು ಅನ್ನೋದಷ್ಟೇ ಅದಕ್ಕೆ ಬೇಕು. ಒಳ್ಳೆಯವರಾ ಅಂತ ಅದು ಕೇಳಲ್ಲ” ಎಂದಳು. ಹನುಮಂತಪ್ಪ ಎಂಬ ನನ್ನ ಹೆಸರು ಹಲಗೆಯಲ್ಲಿ ಹಿಡಿಸದೆ ‘ಹ್ಯಾನ್’ ಎಂದು ಬರೆದಳು. ಟೋಪಿಯವನು ನನ್ನ ಕೈಗೆ ಬ್ರೆಡ್ಡು ಇಟ್ಟ. ಚಹಾದವನು “ನಾಟ್ ಟು ವರಿ” ಎಂದ. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮನುಷ್ಯನೊಬ್ಬ ಕಷ್ಟಪಟ್ಟು ತಪ್ಪೊಪ್ಪಿಕೊಳ್ಳಲು ಬಂದಿದ್ದಾನೆ, ಅವನನ್ನು ಸರಿಯಾಗಿ ವರಿ ಮಾಡಲಾದರೂ ಬಿಡಬಾರದೇ?

ರಘು ಹೊರಬರುವಾಗ ಹಲಗೆಯ ಕಡೆ ನೋಡಲಿಲ್ಲ. ಅಲ್ಲಿ ಈಗ ಅವರ ಮಾವನ ಹೆಸರಿತ್ತು. ತಮ್ಮ ಸಾಮಾನು ಎತ್ತಿಕೊಂಡು ಒಬ್ಬರೇ ಸೇತುವೆಯಾಚೆ ಬೇರೆ ನಂಬರಿಗೆ ಹೋಗಿ ಕೂತರು. ನಾನು ಶೆಡ್ಡಿನ ಬಾಗಿಲಲ್ಲಿ ಬ್ರೆಡ್ಡು ಹಿಡಿದುಕೊಂಡು ಸಂಜೆಯವರೆಗೆ ಕಾದೆ. ಹಂದಿಮಾಂಸ ನಾನು ತಿನ್ನುವುದಿಲ್ಲ ಎಂದು ಹೇಳುವ ಮುಖ ಉಳಿದಿರಲಿಲ್ಲ. ಬಾತುಕೋಳಿಗೆ ಹಾಕಿದೆ.

ಕಾಲುವೆ, ಕೊನೆಯ ಭಾನುವಾರ

ಮುಂದಿನ ಮೂರು ಭಾನುವಾರ ರಘು ಒಬ್ಬರೇ ಹೋದರು, ಬ್ಲ್ಯಾಂಕ್ ಆಗಿ ಬಂದರು. ಮಾತು ನಿಲ್ಲಿಸಿದ್ದರು ಎನ್ನಲಾರೆ. ಊಟ ಆಯ್ತಾ ಮಾವ, ಚಳಿ ಇದೆ ಮಾವ, ಹೀಟರ್ ಹಾಕ್ಲಾ ಮಾವ. ಅಲ್ಲಿನವರ ಮರ್ಯಾದೆ ಇವರಿಗೂ ಹತ್ತಿತ್ತು. “ನೀನು ಅವರನ್ನ ಸ್ವಲ್ಪ ಹೊತ್ತು ಬಿಟ್ಟುಬಿಡು ಅಪ್ಪಾ, ಎಲ್ಲಾನೂ ನೀನೇ ಸರಿ ಮಾಡೋಕೆ ಹೋಗಬೇಡ” ಎಂದು ಸುಮಾ ಗದರಿದಳು.

ಊರಿಗೆ ಹೊರಡುವ ಹಿಂದಿನ ದಿನವೂ ಭಾನುವಾರವೇ. ಸೂಟ್‌ಕೇಸ್ ಕಟ್ಟುತ್ತಿದ್ದೆ. ರಘು ಬಾಗಿಲಲ್ಲಿ ನಿಂತು, “ಬರ್ತೀರಾ?” ಎಂದರು. ಕೋಟಿನ ಗುಂಡಿ ಹಾಕಿಕೊಳ್ಳದೆಯೇ ಹೊರಟೆ.

ಒಂದೇ ಕೋಲು ತಂದಿದ್ದರು. ನಾನು ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತೆ. ಹೋಗುವವರು ಬರುವವರು ಎನಿ ಲಕ್ ಎಂದರು. ಉದ್ದನೆಯ ದೋಣಿ ಬಂತು, ರಘು ಕೋಲೆತ್ತಿದರು, ಸಾರಿಗಳ ವಿನಿಮಯವಾಯಿತು. ಗಂಟೆ ಎರಡಾಯಿತು. ಬೆಂಡು ಅಲುಗಲಿಲ್ಲ.

ಅವರ ಫೋನು ಬಂತು. ಎದ್ದು ನೋಡಿದರು, ಆಸ್ಪತ್ರೆಯದು. ನೀರಿನಿಂದ ದಾರ ಪೂರ್ತಿ ಸುತ್ತಿದರು. ಕೋಲನ್ನು ಕವೆಗೋಲಿನ ಮೇಲಿಟ್ಟರು. ಎರಡು ಹೆಜ್ಜೆ ಹೋದವರು ನಿಂತರು, ಮರಳಿ ಬಂದರು, ಕತ್ತರಿಯಿಂದ ದಾರದ ತುದಿಯನ್ನು ಕತ್ತರಿಸಿ, ಕೊಕ್ಕೆಯನ್ನು ಪುಟ್ಟ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಅಂಗಿಯ ಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡರು. ನನ್ನ ಮುಖ ನೋಡಿದರು. ನಾನೂ ನೋಡಿದೆ. “ಐದೇ ನಿಮಿಷ ಮಾವ” ಎಂದು ಹೋದರು.

ಹತ್ತು ನಿಮಿಷವಾಯಿತು. ಬಂದವರು ಕೂತು, ಡಬ್ಬಿ ತೆಗೆದು, ಕೊಕ್ಕೆಯನ್ನು ಮತ್ತೆ ದಾರಕ್ಕೆ ಕಟ್ಟತೊಡಗಿದರು. ಚಳಿಗೆ ಬೆರಳು ಮರಗಟ್ಟಿದ್ದವು. ದಾರ ಜಾರಿತು. ಗಂಟು ಬಿಚ್ಚಿಕೊಂಡಿತು. ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿತು. ಆ ಗಂಟನ್ನು ನಾನು ಕಣ್ಣು ಮುಚ್ಚಿಕೊಂಡು ಹಾಕಬಲ್ಲೆ. ಬೆರಳುಗಳು ತಾವಾಗಿಯೇ ಆಡತೊಡಗಿದವು. ಎರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಿಗಿಯಾಗಿ ಒತ್ತಿಕೊಂಡೆ. ಸೇತುವೆಯ ಕೆಳಗಿನಿಂದ ಒಂದು ದೋಣಿ ಬಂದು ಹೋಯಿತು. ರಘು ಮೂರನೆಯ ಸಲ ಶುರು ಮಾಡಿದರು. ನಾನು ಹಾಗೇ ಕೂತಿದ್ದೆ.